ಒಂದನೇ ಕಲ್ಲು

ಸರ್ವೇಯರ್ ಸಾರ್ ಅವರ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಕಡೆ ಹುಣಸೆಬೀಜದ ಬಣ್ಣದ ಗಟ್ಟಿ ಚರ್ಮ. ಯಾವುದೋ ಕಾಲದಲ್ಲಿ ಗಡಿಕಲ್ಲು ನೆಡುವಾಗ ಕೂಲಿಯವನ ಕೈಜಾರಿ ಬಿದ್ದದ್ದಂತೆ. ಎಷ್ಟು ದೊಡ್ಡವರ ಮೀಟಿಂಗೇ ಆಗಲಿ, ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಬಂದು, ಬಲಗಾಲನ್ನು ಕುರ್ಚಿಯ ಮೇಲೆ ಮಡಚಿಟ್ಟುಕೊಂಡೇ ಕೂರುತ್ತಿದ್ದರು. ಎದುರಿಗಿದ್ದ ಅಧಿಕಾರಿಯ ಕಣ್ಣು ಬೇಡಬೇಡವೆಂದರೂ ಆ ಬೆರಳಿಗೇ ಹೋಗುತ್ತಿತ್ತು. ಇವರು ಅದನ್ನು ಬೇಕೆಂದೇ ಒಂದಿಷ್ಟು ಅಲ್ಲಾಡಿಸುತ್ತಿದ್ದರು.

ನಾನು ಚೆನ್ನೈನ ಆ ಕಚೇರಿಗೆ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕ ಮುಗಿಯುತ್ತಿದ್ದಾಗ. ಊರಿನ ಸಾರ್ವಜನಿಕ ಜಮೀನನ್ನು ಕಾಯುವುದಕ್ಕೆಂದು ಇದ್ದ ಕಚೇರಿ. ಹೆಸರು ಬೇಡ, ಹೇಳಿದರೆ ನನ್ನ ಬಾಯಿ ಕೆಡುತ್ತದೆ. ನಮ್ಮಪ್ಪ ರೈಲ್ವೆಯಲ್ಲಿ ಗೂಡ್ಸ್ ಕ್ಲರ್ಕ್ ಆಗಿದ್ದು ರಿಟೈರಾಗಿ, ಮೈಲಾಪೂರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಬೆನ್ನುನೋವು ಹಿಡಿದು ಮಲಗಿದ್ದರು. ತಂಗಿ ಇನ್ನೂ ಓದುತ್ತಿದ್ದಳು. ನನ್ನದು ಹಂಗಾಮಿ ಕೆಲಸ, ಆರು ತಿಂಗಳಿಗೊಮ್ಮೆ ಮೇಲಿನವರು ಸಹಿ ಹಾಕಿದರೆ ಮುಂದುವರಿಯುವಂಥದ್ದು. ಹಾಗಾಗಿ ಯಾರು ಏನೆಂದರೂ "ಎಸ್ ಸಾರ್" ಎನ್ನುವುದನ್ನು ಬಹಳ ಬೇಗ ಕಲಿತುಕೊಂಡೆ.

ಸರ್ವೇಯರ್ ಸಾರ್ ಹೊಸೂರು ಕಡೆಯವರು. ಮೂವತ್ತು ವರ್ಷ ಮದರಾಸಿನಲ್ಲಿ ಕಳೆದರೂ ಕನ್ನಡ ಹೊಸೂರಿನದೇ, ಮೇಲೆ ತಮಿಳಿನ ಒಗ್ಗರಣೆ. ನನ್ನ ಅರ್ಜಿಯಲ್ಲಿ ಮಾತೃಭಾಷೆ ಕನ್ನಡ ಎಂದಿದ್ದುದನ್ನು ನೋಡಿ ಮೊದಲ ದಿನವೇ ಕೇಳಿದರು: "ಏನಮ್ಮಣ್ಣಿ, ಕನ್ನಡ ಬತ್ತದಾ, ಇಲ್ಲ ಸುಮ್ಕೆ ಬರ್ದಿದ್ದೀಯಾ?" ನಾನು ಶಾಲೆಯೆಲ್ಲ ತಮಿಳಿನಲ್ಲಿ ಕಳೆದವಳು. "ಪುರಿಯತ್ತೆ ಸಾರ್, ಪೇಸೋದು ಕೊಂಚಂ ಕಷ್ಟ" ಎಂದೆ. ತಿಳಿಯುತ್ತದೆ, ಮಾತಾಡುವುದು ಸ್ವಲ್ಪ ಕಷ್ಟ ಎಂದು. "ಸಾಕು. ನಾನು ಬೈದದ್ದು ತಿಳಿದ್ರೆ ಸಾಕು" ಎಂದರು.

ಬೈಗುಳಕ್ಕೇನೂ ಬರವಿರಲಿಲ್ಲ. ಮೊದಲ ವಾರ ನಾನು ಬರೆದ ನಕ್ಷೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ನಾಲ್ಕು ಚೂರು ಮಾಡಿದರು. ನನಗೆ ಅಳುವೇ ಬಂತು. "ಗೆರೆ ಇಷ್ಟು ದಪ್ಪ ಎಳ್ದಿದ್ದೀಯಲ್ಲ, ಆ ದಪ್ಪದೊಳಗೆ ನಾಕಡಿ ನೆಲ ಕೂತದೆ. ಅದು ಯಾರಪ್ಪನ ಮನೇದು? ಗೋಡೆ ಕಟ್ಟೋನು ಯಾವ ಅಂಚಿಗೆ ಕಟ್ತಾನೆ ಅಂತ ನಿಂಗೆ ಗೊತ್ತಾ? ಅವನಿಗೆ ಲಾಭ ಆಗೋ ಅಂಚಿಗೆ" ಎಂದರು. ಅಂದಿನಿಂದ ಪೆನ್ಸಿಲ್ ಚೂಪು ಮಾಡದೆ ನಾನು ಒಂದು ಗೆರೆಯನ್ನೂ ಎಳೆದವಳಲ್ಲ.

ಅಳತೆ ಪುಸ್ತಕ ಓದುವುದನ್ನು ಕಲಿಸಿದ್ದೂ ಅವರೇ. ಸರ್ವೆಯವರ ಆ ಪುಸ್ತಕವನ್ನು ಪುಟದ ತಳದಿಂದ ಮೇಲಕ್ಕೆ ಬರೆಯುತ್ತಾರೆ. ಅಳತೆಯ ಸರಪಣಿ ಹಿಡಿದು ನಡೆಯುವವನಿಗೆ ಮುಂದೆ ಸಿಗುವುದು ಪುಟದಲ್ಲೂ ಮುಂದೆ, ಅಂದರೆ ಮೇಲೆ ಇರಬೇಕು. ಎಡಗೈಗೆ ಸಿಗುವುದು ಎಡಕ್ಕೇ ಇರಬೇಕು. ಹೊರಟ ತುದಿಯಲ್ಲಿ ಒಂದನೇ ಗಡಿಕಲ್ಲು, ಮುಟ್ಟಿದ ತುದಿಯಲ್ಲಿ ಕೊನೆಯ ಕಲ್ಲು. ಅವರು ಯಾವಾಗಲೂ ರಸ್ತೆಯ ಕಡೆಯಿಂದ ಹೊರಡುತ್ತಿದ್ದರು. ಪುಟದ ತಳವೆಂದರೆ ರಸ್ತೆ, ಒಂದನೇ ಕಲ್ಲೆಂದರೆ ರಸ್ತೆಯ ಕಲ್ಲು ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಅವರ ಲೆಕ್ಕದಲ್ಲಿ ಜನರಲ್ಲಿ ಇದ್ದದ್ದು ಎರಡೇ ಜಾತಿ: ಜಾಗ ನೋಡಿದವರು, ಜಾಗ ನೋಡದವರು. ನೋಡದವರ ಹತ್ತಿರ ಅವರು ಜಾಗದ ಮಾತೇ ಎತ್ತುತ್ತಿರಲಿಲ್ಲ. ಕಚೇರಿಯ ಮುಕ್ಕಾಲು ಪಾಲು ಆ ಜಾತಿಯೇ ಆದ್ದರಿಂದ ದಿನದ ಹೆಚ್ಚಿನ ಹೊತ್ತು ಅವರು ಸುಮ್ಮನೆ ಇರುತ್ತಿದ್ದರು.

ಇನ್ನು ಆ ಜಮೀನು. ಮೈಲಾಪೂರಿನಿಂದ ದಕ್ಷಿಣಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. ಬಟ್ಟೆ ಒಗೆಯುವವರ ಮೈದಾನ ಅದು, ಉದ್ದನೆಯ ಪಟ್ಟಿ. ಒಂದು ತುದಿಗೆ ದೊಡ್ಡ ರಸ್ತೆ, ಇನ್ನೊಂದು ತುದಿಗೆ ಕೊಳೆತು ನಾರುವ ಕಾಲುವೆ. ರಸ್ತೆ ಕಡೆಯ ಅರ್ಧ ಎತ್ತರದ ಒಣನೆಲ. ಬಾವಿ, ಬಾವಿಯ ಸುತ್ತ ಒಗೆಯುವ ಬಂಡೆಗಳು, ಬಟ್ಟೆ ಹರವುವ ಹಗ್ಗಗಳು ಎಲ್ಲ ಇದ್ದದ್ದು ಅಲ್ಲಿ. ಕಾಲುವೆ ಕಡೆಯ ಅರ್ಧ ತಗ್ಗು. ವರ್ಷವಿಡೀ ಕೆಸರು, ಜಾಲಿ, ಹಂದಿ. ರಸ್ತೆಗೆ ಆಳೆತ್ತರಕ್ಕಿಂತ ಎತ್ತರದ ಗೋಡೆ, ಗೋಡೆಯ ತುಂಬ ಪಕ್ಷಗಳ ಬಣ್ಣ, ಆದ್ದರಿಂದ ಬಸ್ಸಿನಲ್ಲಿ ಹೋಗುವವರಿಗೆ ಒಳಗೇನಿದೆ ಎಂದು ಕಾಣುತ್ತಿರಲಿಲ್ಲ. ಅಲ್ಲಿ ಒಂದೊಂದು ಮನೆಗೆ ಒಂದೊಂದು ಬಂಡೆ. ಅತ್ತೆಯಿಂದ ಸೊಸೆಗೆ ಬರುವ ಆಸ್ತಿ ಅದೊಂದೇ. ಬಂಡೆಯೂ ಬಾವಿಯೂ ಹೋದರೆ ಆ ಮನೆಗಳಿಗೆ ಮಾರನೆಯ ದಿನದಿಂದ ಕೆಲಸವಿಲ್ಲ, ಅಷ್ಟೇ.

ಶೋಳಿಂಗನಲ್ಲೂರ್ ಕಡೆ ಕಂಪ್ಯೂಟರ್ ಕಂಪನಿಗಳು ಏಳುತ್ತವೆ ಎಂದು ಸುದ್ದಿ ಹಬ್ಬಿದ್ದೇ ತಡ, ಆ ದಾರಿಯ ನೆಲವೆಲ್ಲ ಯಾರ್ಯಾರ ಕಣ್ಣಿಗೋ ಬಿತ್ತು. ಒಬ್ಬ ಬಿಲ್ಡರ್ ರಸ್ತೆ ಕಡೆಯ ಅರ್ಧ ಬೇಕೆಂದ. ನಮ್ಮವರಿಗೆ ಅಷ್ಟು ಸಾಕಾಯಿತು. ಉಳಿದರ್ಧ ಒಗೆಯುವವರಿಗೆ ಬಿಟ್ಟಿದ್ದೇವೆ ಎಂದು ಪೇಪರಿನವರಿಗೆ ಹೇಳಿದರಾಯಿತು ಎಂದುಕೊಂಡರು. ಆ ಉಳಿದರ್ಧ ಎಂಥದು ಎಂದು ಕೇಳಿದವರಿಲ್ಲ. ಜಮೀನು ಅಳೆದು ಬಾ ಎಂದು ಸರ್ವೇಯರ್ ಸಾರ್ ಅವರನ್ನು ಕಳಿಸಿದರು.

ಅವತ್ತು ಮದುವೆ ಛತ್ರಗಳ ಬಟ್ಟೆಯೆಲ್ಲ ಒಗೆದು ರಸ್ತೆ ಕಡೆ ಹರವಿದ್ದರಂತೆ. ಒಗೆದ ಬಟ್ಟೆಯ ಮೇಲೆ ಮಣ್ಣಿನ ಸರಪಣಿ ಎಳೆಯುವುದು ಅವರಿಂದಾಗದ ಕೆಲಸ. ಬಟ್ಟೆ ಎತ್ತುವ ಹೊತ್ತಿಗೆ ಮಧ್ಯಾಹ್ನವಾಗುತ್ತದೆ ಎಂದು ಅಲ್ಲಿನ ಹೆಂಗಸರು ಹೇಳಿದಾಗ, ಮೂವತ್ತು ವರ್ಷದ ಅಭ್ಯಾಸ ಬಿಟ್ಟು ಕಾಲುವೆಯ ಕಡೆಯಿಂದ ಶುರುಮಾಡಿದರು. ಒಂದನೇ ಗಡಿಕಲ್ಲು ಕಾಲುವೆಯ ಕೆಸರಿನಲ್ಲಿ ಬಿತ್ತು, ಹನ್ನೆರಡನೆಯದು ರಸ್ತೆಯ ಗೋಡೆಯ ಬುಡದಲ್ಲಿ. "ಕಾಲುವೆಯಿಂದ" ಎಂದು ಪುಟದ ತಳದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದರಂತೆ. ಕೆಸರಿಗೋ ಬೆವರಿಗೋ ಅದು ಅಳಿಸಿಹೋಗಿತ್ತು.

ಪುಸ್ತಕ ನನ್ನ ಮೇಜಿಗೆ ಬಂತು. ಪುಟದ ತಳದಲ್ಲಿ ಒಂದು ಮಸುಕು ಕಲೆ. ಎದ್ದು ಹೋಗಿ ಕೇಳಬಹುದಿತ್ತು, ಹತ್ತು ಹೆಜ್ಜೆ ದೂರ. ಕೇಳಿದರೆ ಬೈಯುತ್ತಾರೆ ಎಂದು ಕೇಳಲಿಲ್ಲ. ಹದಿನೈದು ನಿಮಿಷ ಬಸ್ಸಿಗೆ ಕಾದು, ಅರ್ಧ ಗಂಟೆ ಪಯಣಿಸಿ ಜಾಗ ನೋಡಿ ಬರಬಹುದಿತ್ತು, ಅದನ್ನೂ ಮಾಡಲಿಲ್ಲ. ಯಾವಾಗಿನಂತೆ ಒಂದನೇ ಕಲ್ಲನ್ನು ರಸ್ತೆಗೆ ಇಟ್ಟು, ಅಲ್ಲಿಂದ ಹನ್ನೆರಡರವರೆಗೆ ನೀಟಾಗಿ ಎಳೆದೆ. ನನ್ನ ನಕ್ಷೆಯಲ್ಲಿ ಕೆಸರು ರಸ್ತೆಯ ಪಕ್ಕಕ್ಕೆ ಬಂತು; ಬಾವಿ, ಬಂಡೆಗಳು ಕಾಲುವೆಯ ಪಕ್ಕಕ್ಕೆ ಹೋದವು.

ಸಹಿಗೆ ತೆಗೆದುಕೊಂಡು ಹೋದಾಗ ಸರ್ವೇಯರ್ ಸಾರ್ ಅದನ್ನು ಬಹಳ ಹೊತ್ತು ನೋಡಿದರು. ಹರಿಯುತ್ತಾರೆ ಎಂದು ನಾನು ಕಾದು ನಿಂತಿದ್ದೆ.

"ಜಾಗ ನೋಡಿದ್ದೀಯಾ?" ಎಂದರು.

"ಎಸ್ ಸಾರ್" ಎಂದೆ.

ನನ್ನ ಮುಖ ನೋಡಿದರು. ಮತ್ತೆ ನಕ್ಷೆ ನೋಡಿದರು. ಆಮೇಲೆ ಪೆನ್ನು ತೆಗೆದು ಸಹಿ ಹಾಕಿದರು.

ಆ ಮೀಟಿಂಗುಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಏಸಿ ಕೋಣೆ, ತಟ್ಟೆ ತುಂಬ ಹುರಿದ ಗೋಡಂಬಿ. ಒಂದು ಕಡೆ ನಮ್ಮ ದೊಡ್ಡ ಸಾಹೇಬರು, ಇನ್ನೊಂದು ಕಡೆ ಬಿಲ್ಡರಿನ ಪ್ರತಿನಿಧಿ, ಬಿಳಿ ಶೂ ಹಾಕಿದ ಮನುಷ್ಯ. ಅವನು ತಂದ ಬಣ್ಣದ ಪುಸ್ತಕದಲ್ಲಿ ಎತ್ತರದ ಮನೆಗಳು, ಕೊಳ, ಕೊಳದಲ್ಲಿ ಹಂಸ. ಮದರಾಸಿನಲ್ಲಿ ಹಂಸ ಕಂಡವರುಂಟೇ? ಸಾಹೇಬರು ಮಾತ್ರ ಆ ಚಿತ್ರವನ್ನು ಮೊಮ್ಮಗುವಿನ ಫೋಟೋ ನೋಡುವಂತೆ ನೋಡುತ್ತಿದ್ದರು. ಮಾರುವವನೇ ಬೆಲೆ ಇಳಿಸುವ ಚೌಕಾಸಿಯನ್ನು ನಾನು ಮೊದಲು ಕಂಡದ್ದು ಅಲ್ಲಿ. ಕೊಳ್ಳುವವನು ಮುಖ ಸಣ್ಣ ಮಾಡುವುದು, ನಮ್ಮವರು ಗಾಬರಿಯಾಗಿ ಇನ್ನಷ್ಟು ಇಳಿಸುವುದು. ಇಳಿಸಲು ನೆಪವಾಗಿ ಸಿಕ್ಕಿದ್ದು ನನ್ನ ನಕ್ಷೆ. ಸಾಹೇಬರು ಅದರ ಮೇಲೆ ಕೈಯಾಡಿಸಿ, "ಇದು ಸುಮ್ಮಾ ಸೇರು, ಸಗತಿ. ಇದುಕ್ಕು ಎನ್ನ ವಿಲೈ ಪೋಡ ಮುಡಿಯುಂ?" ಎಂದರು. ಬರೀ ಕೆಸರು, ಇದಕ್ಕೆ ಏನು ಬೆಲೆ ಕಟ್ಟುವುದು ಎಂದು. ಕೆಸರು ನೆಲ, ಕೆಸರು ನೆಲ ಎಂದು ಪ್ರತಿ ಮೀಟಿಂಗಿನ ನಡಾವಳಿಯಲ್ಲೂ ಬರೆಸಿದರು. ಹಾಳು ಕೆಸರನ್ನು ಮಾರಿ ಊರಿಗೆ ಉಪಕಾರ ಮಾಡುತ್ತಿದ್ದೇವೆ ಎಂಬ ಮುಖ ಎಲ್ಲರದೂ.

ನನ್ನ ಪಕ್ಕದಲ್ಲಿ ಕಾಲು ಮಡಚಿ ಕೂತ ಸರ್ವೇಯರ್ ಸಾರ್ ಆಗಾಗ ನನ್ನ ಕಡೆ ಬಾಗಿ, ಸ್ಕೇಲಿನ ವಿಷಯ ಹೇಳುವವರಂತೆ ಗಂಭೀರವಾಗಿ ಕನ್ನಡದಲ್ಲಿ ಮಾತಾಡುತ್ತಿದ್ದರು. "ನೋಡಮ್ಮಣ್ಣಿ, ಅವರಪ್ಪ ಬಿಟ್ಟೋದ ಜಮೀನಾಗಿದ್ರೆ ಈವಯ್ಯ ಇಂಗೆ ಗೋಡಂಬಿ ತಿಂತಾ ಕೂತಿರ್ತಿದ್ನಾ? ಒಂದಡಿಗೆ ಕೊಡಲಿ ತಗೊಂಡು ಬರ್ತಿದ್ದ." ನಾನು ತಲೆ ತಗ್ಗಿಸಿ ಏನೋ ಗುರುತು ಹಾಕಿಕೊಳ್ಳುವವಳಂತೆ ನಟಿಸುತ್ತಿದ್ದೆ. ಸಾಹೇಬರು ಒಮ್ಮೆ, "ಎನ್ನ ಸರ್ವೇಯರ್, ಏದಾವದು ಪ್ರಾಬ್ಲಮ್ಮಾ?" ಎಂದು ಕೇಳಿದರು, ಏನಾದರೂ ತೊಂದರೆಯೇ ಎಂದು. "ಒಣ್ಣುಂ ಇಲ್ಲೆ ಸಾರ್. ನೀವು ಹೇಳಿದಂಗೇ ಬರೀತಿದ್ದೀವಿ" ಎಂದರು ಅವರು, ಅರ್ಧ ತಮಿಳು ಅರ್ಧ ಕನ್ನಡದಲ್ಲಿ.

ಮೈದಾನದ ಹೆಂಗಸರ ಪರವಾಗಿ ಒಬ್ಬಾಕೆ ಅರ್ಜಿ ಹಿಡಿದು ಬರುತ್ತಿದ್ದರು. ಎಲ್ಲರೂ ಪೆರಿಯಮ್ಮ, ಅಂದರೆ ದೊಡ್ಡಮ್ಮ, ಎನ್ನುತ್ತಿದ್ದರು. ಸೋಪಿನ ನೀರಿಗೆ ಬೆಳ್ಳಗೆ ಸುಕ್ಕಿದ ಅಂಗೈ. ಬೆಳಿಗ್ಗೆ ಬಂದು ವರಾಂಡದ ನೆಲದ ಮೇಲೆ ಕೂತರೆ ಕಚೇರಿ ಮುಚ್ಚುವವರೆಗೂ ಕೂತೇ ಇರುತ್ತಿದ್ದರು. ಮೂರನೆಯ ಸಲ ಬಂದಾಗ ಸಾಹೇಬರಿಗೆ ಏನನ್ನಿಸಿತೋ, ಒಳಗೆ ಕರೆಸಿ ನಕ್ಷೆ ತೋರಿಸಿ, ನಿಮ್ಮ ಬಂಡೆ ಬಾವಿ ಎಲ್ಲ ಕಾಲುವೆ ಪಕ್ಕದಲ್ಲಿವೆ, ನಾವು ಮುಟ್ಟುವುದಿಲ್ಲ, ಹೋಗಮ್ಮ ಎಂದರು.

ಆಕೆಗೆ ನಕ್ಷೆ ಓದಲು ಬರುತ್ತಿರಲಿಲ್ಲ. ಆದರೂ, "ಇಲ್ಲೀಂಗೈಯಾ, ಕೆಣರು ರೋಡು ಪಕ್ಕಂ ದಾನ್ ಇರುಕ್ಕು" ಎಂದರು. ಬಾವಿ ಇರುವುದು ರಸ್ತೆಯ ಕಡೆಗೇ ಎಂದು.

ಕೋಣೆಯವರೆಲ್ಲ ನಕ್ಕರು. ಮ್ಯಾಪಿಗಿಂತ ಪಾಟಿಗೇ, ಈ ಅಜ್ಜಿಗೇ, ಹೆಚ್ಚು ಗೊತ್ತು ಎಂದ ಬಿಳಿ ಶೂನವನು. ಅವನೂ ಜಾಗ ನೋಡಿರಲಿಲ್ಲ, ಒಮ್ಮೆ ಕಾರಿನಲ್ಲಿ ಹೋಗಿ, ವಾಸನೆಗೆ ಗಾಜು ಇಳಿಸದೆ ಗೋಡೆ ನೋಡಿಕೊಂಡು ಬಂದಿದ್ದನಂತೆ. ನಾನು ಎದ್ದೆ. ಮೇಜಿಗೆ ಹೋಗಿ ಅಳತೆ ಪುಸ್ತಕ ತೆರೆದು ಆ ಮಸುಕು ಕಲೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಏನೂ ಓದಲಾಗಲಿಲ್ಲ. ಪುಸ್ತಕ ಮುಚ್ಚಿದೆ. ಆ ವಾರ ನನ್ನ ಕೆಲಸ ಮುಂದುವರಿಸುವ ಕಾಗದಕ್ಕೆ ಸಾಹೇಬರ ಸಹಿ ಆಗಬೇಕಿತ್ತು. ನನ್ನ ಮನೆ ಉಳಿದರೆ ಸಾಕು, ಪೆರಿಯಮ್ಮನ ಬಂಡೆ ಹಾಳಾಗಿ ಹೋಗಲಿ ಎಂದು ಬಾಯಿಬಿಟ್ಟು ಅಂದುಕೊಳ್ಳಲಿಲ್ಲ, ಮಾಡಿದ್ದು ಮಾತ್ರ ಅದನ್ನೇ.

ಕ್ರಯಪತ್ರವಾಯಿತು. ಒಂದನೇ ಗಡಿಕಲ್ಲಿನಿಂದ ಆರನೇ ಗಡಿಕಲ್ಲಿನವರೆಗಿನ ಕೆಸರು ನೆಲ ಎಂದು ಬರೆದು ಎರಡೂ ಕಡೆಯವರು ಸಹಿ ಹಾಕಿ ಕೈಕುಲುಕಿದರು.

ಜಮೀನು ಒಪ್ಪಿಸುವ ದಿನ ನಕ್ಷೆಯ ಸುರುಳಿ ಹಿಡಿದುಕೊಂಡು ನಾನೂ ಹೋಗಬೇಕಾಯಿತು. ಸಾಹೇಬರು, ಸರ್ವೇಯರ್ ಸಾರ್, ಬಿಳಿ ಶೂ, ಬೇಲಿ ಹಾಕುವ ಆಳುಗಳು. ಗೇಟು ದಾಟಿದೊಡನೆ ಬಾವಿ. ಬಾವಿಯ ಸುತ್ತ ಬಂಡೆಗಳು, ಹೆಂಗಸರು, ಹಗ್ಗಗಳ ಮೇಲೆ ಆಸ್ಪತ್ರೆಯ ಬಿಳಿ ದುಪ್ಪಟಿ. ಸುರುಳಿ ಬಿಚ್ಚಿ ನೋಡಿದೆ. ನನ್ನ ನಕ್ಷೆಯ ಪ್ರಕಾರ ಅಲ್ಲಿ ಕೆಸರಿರಬೇಕಿತ್ತು. ಸಾಹೇಬರು, ಇದೇನಿದು, ಇದೇನಿದು ಎನ್ನುತ್ತಲೇ ಇದ್ದರು. ಸರ್ವೇಯರ್ ಸಾರ್ ಚಪ್ಪಲಿ ಕೈಯಲ್ಲಿ ಹಿಡಿದು, ಬಂಡೆಗಳ ನಡುವೆ ಹಾದು, ಹಿಂದೆ ಬರುತ್ತಿದ್ದ ನಮ್ಮನ್ನು ತಿರುಗಿಯೂ ನೋಡದೆ ಕಾಲುವೆಯ ತನಕ ನಡೆದರು. ಮೊಣಕಾಲು ಮುಳುಗುವ ಕೆಸರಿಗೆ ಇಳಿದು, ಜೊಂಡು ಸರಿಸಿ, ಕಲ್ಲಿನ ಮೇಲೆ ಕೊರೆದ ಅಂಕಿಯನ್ನು ಅಂಗೈಯಿಂದ ಒರೆಸಿದರು.

"ಒಂದು" ಎಂದರು. ಅಲ್ಲಿಂದ ಆರನೆಯದು ಇದ್ದ ದಿಕ್ಕಿಗೆ ಕೈ ತೋರಿಸಿ, "ಒಂಡ್ರಿಲಿರುಂದು ಆರು. ಎಡುತ್ತುಕ್ಕೋಂಗ ಸಾರ್" ಎಂದು ಬಿಳಿ ಶೂನವನಿಗೆ ಹೇಳಿದರು. ಒಂದರಿಂದ ಆರು, ತಗೊಳ್ಳಿ.

ಸಾಹೇಬರು ನನ್ನ ಕೈಯಿಂದ ನಕ್ಷೆ ಕಿತ್ತುಕೊಂಡು ಸರ್ವೇಯರ್ ಸಾರ್ ಅವರ ಮುಖಕ್ಕೆ ಹಿಡಿದರು. ನಕ್ಷೆಗೂ ಕಲ್ಲಿಗೂ ವ್ಯತ್ಯಾಸ ಬಂದರೆ ನೆಲದ ಮೇಲಿನ ಕಲ್ಲನ್ನೇ ಹಿಡಿಯಬೇಕು ಎಂಬುದು ಇಲಾಖೆಯ ನಿಯಮ. ಅದನ್ನು ಅವರು ಕೆಸರಿನಲ್ಲಿ ನಿಂತೇ ಹೇಳಿದರು.

ಪತ್ರ ತಿದ್ದಬಹುದಿತ್ತಲ್ಲ ಎಂದು ನೀವು ಕೇಳಬಹುದು. ತಿದ್ದಬೇಕಾದರೆ ಫೈಲು ತೆರೆಯಬೇಕು. ತೆರೆದರೆ, ರಸ್ತೆಗೆ ಮುಖ ಮಾಡಿದ ಒಣ ನೆಲವನ್ನು ಕೆಸರಿನ ಬೆಲೆಗೆ ಕೊಟ್ಟದ್ದೇಕೆ ಎಂದು ಯಾರಾದರೂ ಕೇಳುತ್ತಾರೆ. ಸಾಹೇಬರೇ ಬರೆಸಿದ ಕೆಸರು ಅವರ ಬಾಯಿಗೇ ಬಿತ್ತು. ಬಿಲ್ಡರಿಗೆ ಬೇರೆಲ್ಲೋ ಬೇರೆ ಸಾರ್ವಜನಿಕ ಜಮೀನು ಕೊಟ್ಟು ಸಮಾಧಾನ ಮಾಡಿದರು. ಅದಕ್ಕೇನು, ಇಂಥವರಿಗೆ ಜಮೀನಿಗೆ ಬರವೇ? ಪೆರಿಯಮ್ಮನ ಬಾವಿ, ಬಂಡೆ ಇದ್ದಲ್ಲೇ ಉಳಿದವು.

ಆದರೆ ಯಾರನ್ನಾದರೂ ಹಿಡಿದು ಬಡಿಯಲೇಬೇಕಿತ್ತು. ವಿಚಾರಣೆ ಇಟ್ಟರು. ನಕ್ಷೆಯ ಮೂಲೆಯಲ್ಲಿ ಬರೆದವರು ಎಂದು ಇದ್ದದ್ದು ನನ್ನ ಹೆಸರು. ಆ ಬೆಳಿಗ್ಗೆ ಅಪ್ಪನಿಗೆ ಏನೂ ಹೇಳದೆ ಬಂದು ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದೆ. ಮೊದಲು ಒಳಗೆ ಕರೆದದ್ದು ಅವರನ್ನು. ಕುರ್ಚಿ ಕೊಡಲಿಲ್ಲ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಎಲ್ಲ ಕೇಳುತ್ತಿತ್ತು.

"ಆ ಹುಡುಗಿದು ತಪ್ಪಿಲ್ಲ ಸಾರ್" ಎಂದು ತಮಿಳಿನಲ್ಲಿ ಹೇಳಿದರು. "ನಾನೇ ಓದಿ ಹೇಳಿ ಬರೆಸಿದ್ದು. ವಯಸ್ಸಾಯ್ತು. ಪುಸ್ತಕ ಯಾವ ಕಡೆಯಿಂದ ಓದಬೇಕು ಅನ್ನೋದು ಮರೆತುಹೋಯ್ತು."

ಒಳಗಿದ್ದವರು ಗೊಳ್ಳೆಂದು ನಕ್ಕರು. ಕಣ್ಣು ತೋರಿಸಿಕೊಳ್ಳಿ ಎಂದ ಒಬ್ಬ. ತಲೆ ತೋರಿಸಿಕೊಳ್ಳಲಿ ಎಂದ ಇನ್ನೊಬ್ಬ. ಸರಪಣಿ ಯಾವ ತುದಿಯಿಂದ ಹಿಡಿಯಬೇಕೆಂದು ಗೊತ್ತಿಲ್ಲದ ಅಡ್ನಾಡಿಗಳು. ಮೂವತ್ತು ವರ್ಷದಲ್ಲಿ ಅವರ ಒಂದು ಗೆರೆಯನ್ನು ಯಾರೂ ತಿದ್ದಿರಲಿಲ್ಲ. ಅವರಿಗೆ ಈ ಲೋಕದಲ್ಲಿ ಅಹಂಕಾರ ಅಂತ ಇದ್ದದ್ದು ಅದೊಂದರ ಮೇಲೆಯೇ. ನಾನು ಎದ್ದು ಒಳಗೆ ಹೋಗಲಿಲ್ಲ. ನನ್ನ ಸರದಿ ಬಂದಾಗ ಕೇಳಿದ್ದು ಒಂದೇ ಪ್ರಶ್ನೆ, ಅವರು ಹೇಳಿದ ಹಾಗೆ ಬರೆದೆಯಾ ಎಂದು.

"ಎಸ್ ಸಾರ್" ಎಂದೆ.

ಅವರ ಕೊನೆಯ ಬಡ್ತಿಯನ್ನು ಕಿತ್ತುಕೊಂಡು, ಸರ್ವೀಸ್ ಪುಸ್ತಕದಲ್ಲಿ ಕೆಲಸಕ್ಕೆ ಅಸಮರ್ಥ ಎಂದು ಬರೆದರು. ರಿಟೈರಾಗಲು ಆಗ ಏಳೆಂಟು ತಿಂಗಳಿತ್ತು. ಬೀಳ್ಕೊಡುಗೆಯೂ ಇಲ್ಲ, ಹಾರವೂ ಇಲ್ಲ. ಕೊನೆಯ ದಿನ ಡ್ರಾಯರ್ ಖಾಲಿ ಮಾಡುತ್ತಿದ್ದವರ ಹತ್ತಿರ ಹೋಗಿ ನಿಂತೆ. ನಕ್ಷೆ ತಪ್ಪೆಂದು ಅವತ್ತೇ ಗೊತ್ತಾಗಿತ್ತಾ ಸಾರ್ ಎಂದು ಕೇಳಿದೆ.

"ಗೊತ್ತಾಗ್ದೆ ಏನು? ಹರಿಯಾಕೆ ಅಂತ ಕೈ ಎತ್ತಿದ್ದೆ. ಆಮೇಲೆ, ಇರ್ಲಿ, ಇಷ್ಟು ಜನದಾಗೆ ಒಬ್ಬನಾದ್ರೂ ಹೋಗಿ ಜಾಗ ನೋಡ್ತಾನಾ ನೋಡಾಣ ಅನ್ಕೊಂಡೆ. ಒಬ್ಬ ನೋಡಿದ್ರೂ ಅವತ್ತೇ ಮುಗೀತಿತ್ತು. ಒಬ್ಬನೂ ನೋಡ್ಲಿಲ್ಲ." ಡ್ರಾಯರ್ ಮುಚ್ಚಿದರು. "ನೀನೂ ನೋಡ್ಲಿಲ್ಲ. ನೋಡಿದ್ದೀನಿ ಅಂತ ಬೇರೆ ಅಂದೆ. ನೀನು ಬೇರೆ ಅವರು ಬೇರೆ ಅಂತ ನಾನು ಹೇಳಾಕಿಲ್ಲ ಕಣಮ್ಮಿ."

ಅದಕ್ಕಿಂತ ಕಪಾಳಕ್ಕೆ ಎರಡು ಬಿಟ್ಟಿದ್ದರೆ ಚೆನ್ನಾಗಿತ್ತು. "ಮತ್ತೆ ನನ್ನ ಯಾಕೆ ಕಾಪಾಡಿದ್ರಿ ಸಾರ್?" ಎಂದೆ.

"ಗೆರೆ ಸಣ್ಣಕ್ಕೆ ಎಳೀತೀಯ" ಎಂದರು. ಅಷ್ಟೇ. ಚೀಲ ಹೆಗಲಿಗೆ ಹಾಕಿಕೊಂಡು ಇಳಿದು ಹೋದರು.

ನನ್ನ ಕೆಲಸ ಖಾಯಂ ಆಯಿತು. ತಂಗಿಯ ಓದು ಮುಗಿಯಿತು, ಅಪ್ಪನ ಬೆನ್ನಿಗೆ ಆಪರೇಷನ್ ಆಯಿತು. ಜಾಗ ನೋಡದೆ ನಕ್ಷೆ ಬರೆಯುವುದನ್ನು ಬಿಟ್ಟೆ. ಬಸ್ಸು ಹತ್ತಿ, ಬಿಸಿಲಲ್ಲಿ ನಡೆದು, ನೋಡಿ ಬಂದ ಮೇಲೆಯೇ ಪೆನ್ಸಿಲ್ ಹಿಡಿಯುತ್ತೇನೆ. ಬರಬರುತ್ತ ನಕ್ಷೆ ವಿಭಾಗಕ್ಕೆ ನಾನೇ ಮೇಲಿನವಳಾದೆ. ಹೊಸೂರಿಗೆ ಹೋಗಿ ಅವರನ್ನು ಕಂಡು ಬರಬೇಕು ಎಂದು ಪ್ರತಿ ಪೊಂಗಲ್ ರಜೆಗೂ ಅಂದುಕೊಂಡೆ, ಒಂದು ಸಲವೂ ಹೋಗಲಿಲ್ಲ.

ಅವರು ರಿಟೈರಾಗಿ ಎಷ್ಟೋ ವರ್ಷಗಳಾದ ಮೇಲೆ ಒಂದು ಬೆಳಿಗ್ಗೆ, ಊರಿನಲ್ಲಿ ತೀರಿಕೊಂಡರೆಂದು ಪೆನ್ಷನ್ ವಿಭಾಗದಿಂದ ಕಾಗದ ಬಂತು. ಹೊಸದಾಗಿ ಸೇರಿದ ಇಂಜಿನಿಯರ್ ಅದನ್ನು ಓದುತ್ತ ನನ್ನ ಮೇಜಿನ ಹತ್ತಿರ ಬಂದ. ಸುತ್ತ ನಾಲ್ಕೈದು ಜನ ಇದ್ದರು, ಎಲ್ಲರೂ ನನ್ನ ಕೈಕೆಳಗಿನವರು. ನಾನು ಏನು ಹೇಳಿದರೂ ನನ್ನ ಕೆಲಸ ಕಸಿಯುವವರು ಅಲ್ಲಿ ಯಾರೂ ಇರಲಿಲ್ಲ.

"ಮೇಡಂ, ಮ್ಯಾಪನ್ನ ತಲೆಕೀಳಾ ಪೋಟ್ಟವರು ಇವರು ದಾನೇ?" ಎಂದು ನಗುತ್ತ ಕೇಳಿದ. ನಕ್ಷೆಯನ್ನು ತಲೆಕೆಳಗೆ ಬರೆದವರು ಇವರೇ ತಾನೇ ಎಂದು.

"ಆಮಾಂ, ಅವರೇ" ಎಂದೆ.